ಅಗ್ಗದ ಟಿಕೆಟು ಕಲಿಸಿದ ಪಾಠ: ವಿದೇಶ ಪ್ರಯಾಣಕ್ಕೆ ಹೊರಡುವವರಿಗೆ ಕೆಲವು ಸೂಚನೆಗಳು

ಮುಂಬಯಿಯಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಹೊರದೇಶದ ಪ್ರಯಾಣ ಇಂದು ದೊಡ್ಡ ಸುದ್ದಿಯಲ್ಲ. ಮಗನ ಘಟಿಕೋತ್ಸವಕ್ಕೆಂದೋ ಮಗಳ ಬಾಣಂತನಕ್ಕೆಂದೋ ನಿವೃತ್ತ ದಂಪತಿಗಳು ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಗಳತ್ತ ಹೊರಡುತ್ತಲೇ ಇರುತ್ತಾರೆ. ಹಿಂದೆ ಟಿಕೆಟಿನ ಜವಾಬ್ದಾರಿಯನ್ನು ಪರಿಚಯದ ಟ್ರಾವೆಲ್ ಏಜೆಂಟರು ಹೊರುತ್ತಿದ್ದರು. ಈಗ ಅದು ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತ ನಮ್ಮ ಮೇಲೆಯೇ ಬಿದ್ದಿದೆ. ಅನುಕೂಲ ಹೆಚ್ಚಿರುವಂತೆಯೇ ತಪ್ಪಿಗೆ ಅವಕಾಶವೂ ಹೆಚ್ಚಿದೆ. ಅಂತಹ ಒಂದು ತಪ್ಪನ್ನು ನಾವೇ ಮಾಡಿದ್ದೇವೆ; ಆದುದರಿಂದಲೇ ಈ ಬರಹ.

2018ರ ಜುಲೈಯಲ್ಲಿ ಲಂಡನ್ನಿನಲ್ಲಿರುವ ಮಗಳ ಬಾಣಂತನಕ್ಕೆ ನಾವು ದಂಪತಿ ಹೊರಟೆವು. ಕೊಲ್ಲಿ ರಾಷ್ಟ್ರವೊಂದರವರೆಗೆ ಒಂದು ಸಂಸ್ಥೆಯ ವಿಮಾನ, ಅಲ್ಲಿಂದ ಲಂಡನ್ನಿಗೆ ಇನ್ನೊಂದು ಸಂಸ್ಥೆಯದು; ಹೀಗೆ ಬೇರೆ ಬೇರೆಯಾಗಿ ಟಿಕೆಟು ಕೊಂಡರೆ ಇಬ್ಬರಿಗೂ ಸೇರಿ ಹದಿನಾಲ್ಕು ಸಾವಿರ ರೂಪಾಯಿ ಉಳಿಯುತ್ತಿತ್ತು. ನಡುವೆ ನಾಲ್ಕು ಗಂಟೆಗಳ ಬಿಡುವಿದೆಯೆಂಬ ಧೈರ್ಯವೂ ಇತ್ತು. ಆದರೆ ಮುಂಬಯಿಯ ಮಳೆ ನಮ್ಮ ಲೆಕ್ಕವನ್ನು ಕೇಳಲಿಲ್ಲ. ಮೊದಲ ವಿಮಾನ ಐದು ಗಂಟೆ ತಡವಾಗಿ ಹೊರಟಿತು. ನಾವು ಇಳಿಯುವ ಹೊತ್ತಿಗೆ ಎರಡನೆಯದು ಹೋಗಿಯಾಗಿತ್ತು. ಮೊದಲ ಸಂಸ್ಥೆಯವರು, ನಿಮ್ಮನ್ನು ಇಲ್ಲಿಗೆ ತಲುಪಿಸಿದ್ದೇವೆ ಎಂದರು. ಎರಡನೆಯವರು, ನೀವು ಹೊತ್ತಿಗೆ ಸರಿಯಾಗಿ ಬರಲಿಲ್ಲ ಎಂದರು. ನಿಯಮದ ಪ್ರಕಾರ ಇಬ್ಬರ ಮಾತೂ ಸರಿಯಾಗಿತ್ತು. ಹೊಸ ಟಿಕೆಟಿಗೆ ತೊಂಬತ್ತು ಸಾವಿರ ರೂಪಾಯಿ ತೆತ್ತು, ಮರುದಿನದ ವಿಮಾನಕ್ಕಾಗಿ ನಿಲ್ದಾಣದ ಬೆಂಚಿನ ಮೇಲೆ ರಾತ್ರಿ ಕಳೆದೆವು. ಹೆರಿಗೆಗೆ ಇನ್ನೂ ಎರಡು ವಾರವಿದೆಯೆಂದು ವೈದ್ಯರು ಹೇಳಿದ್ದರು. ಆದರೆ ಅದೇ ರಾತ್ರಿ ಅಳಿಯನ ದೂರವಾಣಿ ಕರೆ ಬಂತು: ಹೆಣ್ಣು ಮಗು, ಇಬ್ಬರೂ ಕ್ಷೇಮ. ಹಣದ ನಷ್ಟವನ್ನು ಈಗ ಮರೆತಿದ್ದೇವೆ. ಮಗಳ ಬಳಿ ಆ ಹೊತ್ತಿನಲ್ಲಿ ನಾವಿರಲಿಲ್ಲ ಎಂಬುದನ್ನು ಮರೆಯಲಾಗಿಲ್ಲ.

ಒಂದೇ ಟಿಕೆಟಿನ ಮಹತ್ವ

ಟಿಕೆಟು ಎಂಬುದು ಕೇವಲ ಆಸನದ ಚೀಟಿಯಲ್ಲ, ವಿಮಾನ ಸಂಸ್ಥೆಯೊಡನೆ ಮಾಡಿಕೊಂಡ ಒಪ್ಪಂದ. ಹೊರಡುವ ಊರಿನಿಂದ ತಲುಪುವ ಊರಿನವರೆಗೆ ಒಂದೇ ಟಿಕೆಟಿದ್ದರೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಮುಂದಿನ ವಿಮಾನದಲ್ಲಿ ಕಳುಹಿಸುವ ಹೊಣೆ ಸಂಸ್ಥೆಯದು. ಲಗೇಜು ಕೂಡ ಸಾಮಾನ್ಯವಾಗಿ ನೇರವಾಗಿ ಕೊನೆಯ ಊರಿಗೇ ಹೋಗುತ್ತದೆ. ಎರಡು ಪ್ರತ್ಯೇಕ ಟಿಕೆಟುಗಳಿದ್ದರೆ ಈ ರಕ್ಷಣೆ ಇಲ್ಲ. ನಡುವಿನ ಊರಿನಲ್ಲಿ ಇಮಿಗ್ರೇಷನ್ ದಾಟಿ, ಪೆಟ್ಟಿಗೆಗಳನ್ನು ಪಡೆದು, ಮತ್ತೆ ಒಪ್ಪಿಸಬೇಕಾಗಬಹುದು. ಅದಕ್ಕೆ ಆ ದೇಶದ ವೀಸಾ ಬೇಕಾಗಬಹುದು. ಇನ್ನೊಂದು ಮಾತು ಬಹಳ ಜನರಿಗೆ ತಿಳಿದಿಲ್ಲ: ಹೋಗಿಬರುವ ಟಿಕೆಟಿನಲ್ಲಿ ಮೊದಲ ಹಂತದ ವಿಮಾನವನ್ನು ಏರದಿದ್ದರೆ ಹಿಂತಿರುಗುವ ಟಿಕೆಟು ಕೂಡ ಸಾಮಾನ್ಯವಾಗಿ ರದ್ದಾಗುತ್ತದೆ. ನಮಗೂ ಹಾಗೆಯೇ ಆಯಿತು.

ನಡುವಿನ ಬಿಡುವು ಹಿರಿಯರಿಗೆ ಮೂರು ಗಂಟೆಯಾದರೂ ಇರಲಿ. ನಿಲ್ದಾಣದ ಹೆಸರನ್ನೂ ಗಮನಿಸಬೇಕು. ಲಂಡನ್ ಎಂದರೆ ಹೀಥ್ರೋ ಒಂದೇ ಅಲ್ಲ; ಗ್ಯಾಟ್‌ವಿಕ್, ಸ್ಟಾನ್‌ಸ್ಟೆಡ್, ಲೂಟನ್ ಸಹ ಆ ನಗರದ ಹೆಸರಿನಲ್ಲೇ ಬರುತ್ತವೆ. ಒಂದರಲ್ಲಿ ಇಳಿದು ಇನ್ನೊಂದರಿಂದ ಹೊರಡುವುದೆಂದರೆ ರಸ್ತೆಯಲ್ಲೇ ಗಂಟೆಗಟ್ಟಲೆ ಕಳೆಯಬೇಕು.

ದರ ಏರುವ ಬಗೆ

ಒಂದೇ ದರ್ಜೆಯ ಆಸನಗಳನ್ನು ವಿಮಾನ ಸಂಸ್ಥೆಗಳು ಹಲವು ದರಗಳ ಗುಂಪುಗಳಾಗಿ ವಿಂಗಡಿಸಿ ಮಾರುತ್ತವೆ. ಅಗ್ಗದ ಗುಂಪು ಮುಗಿದ ಮೇಲೆ ಮುಂದಿನದು ತೆರೆಯುತ್ತದೆ. ನಾಲ್ವರಿಗೆಂದು ಒಟ್ಟಿಗೆ ಹುಡುಕಿದಾಗ ಅಗ್ಗದ ಗುಂಪಿನಲ್ಲಿ ಮೂರೇ ಆಸನಗಳಿದ್ದರೆ, ನಾಲ್ವರಿಗೂ ಹೆಚ್ಚಿನ ದರವನ್ನೇ ತೋರಿಸುವುದು ರೂಢಿ. ಆದುದರಿಂದ ಮೊದಲು ಒಬ್ಬರಿಗೆ, ಬಳಿಕ ಎಲ್ಲರಿಗೂ ಎಂದು ಎರಡು ಬಾರಿ ನೋಡುವುದು ಲೇಸು. ಬೇರೆ ಬೇರೆಯಾಗಿ ಕೊಂಡರೆ ಆ ಬುಕಿಂಗ್‌ಗಳನ್ನು ಪರಸ್ಪರ ಜೋಡಿಸುವಂತೆ ಸಂಸ್ಥೆಯನ್ನು ಕೇಳಿಕೊಳ್ಳಬೇಕು.

ಮಧ್ಯವರ್ತಿ ತಾಣದ ದರಕ್ಕೂ ವಿಮಾನ ಸಂಸ್ಥೆಯ ಸ್ವಂತ ತಾಣದ ದರಕ್ಕೂ ಅಂತರ ಕಡಿಮೆಯಿದ್ದಲ್ಲಿ ಸಂಸ್ಥೆಯಿಂದಲೇ ಕೊಳ್ಳುವುದು ಉತ್ತಮ. ಏಕೆಂದರೆ ಬದಲಾವಣೆಯೋ ಮರುಪಾವತಿಯೋ ಬೇಕಾದಾಗ, ಕೊಂಡ ಕಡೆಯೇ ಕೇಳಿ ಎಂಬ ಉತ್ತರ ಬರುತ್ತದೆ. ಎಲ್ಲಿಯೇ ಕೊಂಡರೂ, ಆರು ಅಕ್ಷರಗಳ ಪಿಎನ್‌ಆರ್ ಸಂಖ್ಯೆಯನ್ನು ಸಂಸ್ಥೆಯ ತಾಣದಲ್ಲಿ ಹಾಕಿ ಪರಿಶೀಲಿಸಿಕೊಳ್ಳಬೇಕು.

ಹೆಸರು ಮತ್ತು ದಿನಾಂಕ

ಕನ್ನಡಿಗರಿಗೆ ಹೆಸರಿನ ತೊಡಕು ವಿಶೇಷವಾಗಿದೆ. ಮಂಗಳೂರು, ಉಡುಪಿ ಕಡೆಯವರಿಗೂ ಉತ್ತರ ಕರ್ನಾಟಕದವರಿಗೂ ಬಹುಮಟ್ಟಿಗೆ ಅಡ್ಡಹೆಸರಿದೆ. ಹಳೆಯ ಮೈಸೂರಿನ ಅನೇಕರಿಗೆ ಊರಿನ, ತಂದೆಯ ಮೊದಲಕ್ಷರಗಳೇ ಇನಿಷಿಯಲ್ ಆಗಿ ಮುಂದೆ ನಿಂತಿರುತ್ತವೆ. ಕೆಲವರ ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿಯೇ ಇದೆ. ಟಿಕೆಟಿನಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಬೇಕು. ಬ್ಯಾಂಕಿನ ಪುಸ್ತಕದಲ್ಲಿರುವಂತೆ ಅಲ್ಲ, ಜನ ಕರೆಯುವಂತೆಯೂ ಅಲ್ಲ. 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಸಂಸ್ಥಾನವು ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರುಳ್ಳ ಪ್ರವಾಸಿಗಳ ಪ್ರವೇಶಕ್ಕೆ ನಿರ್ಬಂಧ ವಿಧಿಸಿದಾಗ ಅನೇಕರು ತೊಂದರೆಗೆ ಒಳಗಾದರು. ಅಂತಹವರು ಪ್ರಯಾಣದ ಯೋಚನೆಗೆ ಮೊದಲೇ ಪಾಸ್‌ಪೋರ್ಟನ್ನು ಸರಿಪಡಿಸಿಕೊಳ್ಳುವುದು ಕ್ಷೇಮ. ಅದರ ಅವಧಿ ಇನ್ನೂ ಆರು ತಿಂಗಳಾದರೂ ಉಳಿದಿರಬೇಕೆಂದು ಹಲವು ದೇಶಗಳು ಕೇಳುತ್ತವೆ.

ದಿನಾಂಕದಲ್ಲೂ ಎಚ್ಚರ ಬೇಕು. ಮುಂಬಯಿಯಿಂದ ಹೊರಡುವ ಅನೇಕ ಅಂತರರಾಷ್ಟ್ರೀಯ ವಿಮಾನಗಳು ನಡುರಾತ್ರಿ ಕಳೆದ ಮೇಲೆ ಏಳುತ್ತವೆ. ಟಿಕೆಟಿನಲ್ಲಿ 15ನೇ ತಾರೀಕು 00.40 ಗಂಟೆ ಎಂದಿದ್ದರೆ, 14ರ ರಾತ್ರಿ ಊಟ ಮುಗಿಸಿ ಮನೆ ಬಿಡಬೇಕು. 15ರ ರಾತ್ರಿ ಪೆಟ್ಟಿಗೆ ಹಿಡಿದು ಹೋದರೆ ವಿಮಾನ ಹೋಗಿ ಒಂದು ದಿನವಾಗಿರುತ್ತದೆ.

ಊಟ ಮತ್ತು ಗಂಟುಮೂಟೆ

ವಿಮಾನದ ಊಟವನ್ನು ಕನಿಷ್ಠ ಒಂದು ದಿನ ಮೊದಲೇ ಸೂಚಿಸಬೇಕು. ಸಸ್ಯಾಹಾರಿಗಳು ಹಿಂದೂ ಮೀಲ್ ಎಂಬ ಹೆಸರು ಕಂಡು ಮೋಸಹೋಗಬಾರದು. ಅದು ಸಾಮಾನ್ಯವಾಗಿ ಗೋಮಾಂಸವಿಲ್ಲದ ಮಾಂಸಾಹಾರ. ನಮ್ಮ ರುಚಿಯ ಸಸ್ಯಾಹಾರಕ್ಕೆ ಎವಿಎಂಎಲ್ ಎಂಬ ಸಂಕೇತವಿದೆ. ಮಂಡಿನೋವಿನ ಹಿರಿಯರು ಗಾಲಿಕುರ್ಚಿಯನ್ನು ಮೊದಲೇ ಕೇಳಿಕೊಳ್ಳಲು ಸಂಕೋಚ ಪಡಬಾರದು. ದೊಡ್ಡ ನಿಲ್ದಾಣಗಳಲ್ಲಿ ನಡೆಯಬೇಕಾದ ದೂರ ಬಹಳ.

ಬಾಣಂತನದ ಸಾಮಾನಿನ ಬಗ್ಗೆ ತಾಯಂದಿರಿಗೆ ಒಂದು ಮಾತು. ಬ್ರಿಟನ್ನಿಗೆ ನಮ್ಮ ದೇಶದಿಂದ ಹಾಲಿನ ಉತ್ಪನ್ನಗಳನ್ನು ಒಯ್ಯುವಂತಿಲ್ಲ. ಮನೆಯಲ್ಲಿ ಕಾಸಿದ ತುಪ್ಪಕ್ಕೂ ಪೇಡೆಗೂ ಅದೇ ನಿಯಮ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಗಸಗಸೆ ಮಾದಕ ವಸ್ತುಗಳ ಸಾಲಿಗೆ ಸೇರಿದೆ. ಆ ದಾರಿಯಾಗಿ ಹೋಗುವವರು ಗಸಗಸೆಯನ್ನು ಪೆಟ್ಟಿಗೆಗೆ ಹಾಕಲೇಬಾರದು.

ಲಂಡನ್ನಿನಲ್ಲಿ ಕಂಡದ್ದು

ಮೂರು ತಿಂಗಳ ವಾಸದಲ್ಲಿ ಆ ನಗರದ ಶಿಸ್ತು ನಮ್ಮ ಮನಸ್ಸನ್ನು ಸೆಳೆಯಿತು. ನೆಲದಡಿಯ ರೈಲಿನ ಚಲಿಸುವ ಮೆಟ್ಟಿಲುಗಳಲ್ಲಿ ನಿಲ್ಲುವವರು ಬಲಕ್ಕೆ ನಿಂತು, ಅವಸರದವರಿಗೆ ಎಡಬದಿಯನ್ನು ಬಿಡುತ್ತಾರೆ. ನಮ್ಮ ಲೋಕಲ್ ರೈಲಿನ ನೂಕುನುಗ್ಗಲಿಗೆ ಒಗ್ಗಿದ ನಮಗೆ ಇದು ಮೊದಲು ವಿಚಿತ್ರವೆನಿಸಿತು. 2014ರಿಂದ ಲಂಡನ್ನಿನ ಬಸ್ಸುಗಳಲ್ಲಿ ನಗದು ಹಣ ನಡೆಯುವುದಿಲ್ಲ, ಕಾರ್ಡು ಬೇಕು. ಮೊದಲ ದಿನ ನಾಣ್ಯಗಳನ್ನು ಮುಷ್ಟಿಯಲ್ಲಿ ಹಿಡಿದು ಬಸ್ಸು ಹತ್ತಿ ನಾವು ಪೆಚ್ಚಾದೆವು.

ಒಂದು ಭಾನುವಾರ ಮೊಮ್ಮಗಳನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಥೇಮ್ಸ್ ನದಿಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿಗೆ ಹೋದೆವು. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣಗೊಳಿಸಿದ ಬಸವೇಶ್ವರರ ಪ್ರತಿಮೆ ಅಲ್ಲಿದೆ. ನದಿಯ ಆಚೆ ದಡದಲ್ಲಿ ಬ್ರಿಟನ್ನಿನ ಸಂಸತ್ತು. ಅನುಭವ ಮಂಟಪದ ಶರಣರು ಕುಳಿತು ಚರ್ಚಿಸಿದ್ದು ಹನ್ನೆರಡನೆಯ ಶತಮಾನದಲ್ಲಿ ಎಂದು ಮಗಳು ತನ್ನ ಇಂಗ್ಲಿಷ್ ಗೆಳತಿಗೆ ವಿವರಿಸುತ್ತಿದ್ದಳು. ಕನ್ನಡವನ್ನು ಮುಂಬಯಿಯ ಮನೆಯಲ್ಲೇ ಕಲಿತ ಹುಡುಗಿಯ ಬಾಯಲ್ಲಿ ಆ ಮಾತು ಕೇಳಿ ನಮಗೆ ಸಂತೋಷವಾಯಿತು.

ಮಗಳ ಎರಡನೆಯ ಹೆರಿಗೆಗೆ ನಾವು ಒಂದೇ ಟಿಕೆಟಿನಲ್ಲಿ, ನೇರ ವಿಮಾನದಲ್ಲಿ, ಮೂರು ವಾರ ಮೊದಲೇ ಹೊರಟೆವು. ದರ ತುಸು ಹೆಚ್ಚೇ ಆಯಿತು. ಆದರೆ ಆಸ್ಪತ್ರೆಯ ಕೋಣೆಯ ಹೊರಗೆ ನಾವಿದ್ದೆವು. ಟಿಕೆಟು ಕೊಳ್ಳುವಾಗ ಉಳಿಯುವ ಹಣದ ಜೊತೆಗೆ, ಪ್ರಯಾಣ ಯಾವ ಕಾರ್ಯಕ್ಕೆ ಎಂಬುದನ್ನೂ ನಮ್ಮ ಓದುಗರು ಲೆಕ್ಕಕ್ಕೆ ತೆಗೆದುಕೊಳ್ಳಲಿ. ಎಲ್ಲರ ಪ್ರಯಾಣವೂ ಸುಖಕರವಾಗಲಿ.