ನೆರಳಿನಲ್ಲಿ ಅರಳುವ ಆಂಥೂರಿಯಂ

ಪಟ್ಟಣವಾಸಿಗಳಲ್ಲಿ ಅನೇಕರು, “ನಮ್ಮ ಮನೆಗೆ ಬಿಸಿಲೇ ಬೀಳುವುದಿಲ್ಲ, ಹೂದೋಟದ ಆಸೆ ನಮಗೇಕೆ?” ಎಂದು ನಿಟ್ಟುಸಿರುಬಿಡುವುದುಂಟು. ಆದರೆ ಎಲ್ಲ ಗಿಡಗಳೂ ಬಿಸಿಲನ್ನು ಬಯಸತಕ್ಕವಲ್ಲ. ನೆರಳಿನಲ್ಲಿಯೇ ಹುಟ್ಟಿ, ಬಹುವರ್ಷಗಳ ಕಾಲ ಬಾಳಿ ಹೂಬಿಡುವ ಸಸ್ಯಗಳೂ ಇವೆ. ಅವುಗಳಲ್ಲೊಂದಾದ ಆಂಥೂರಿಯಂ ಗಿಡದ ವಿಷಯವನ್ನು ಈಗ ವಿಚಾರಮಾಡೋಣ.

ಇದರ ತವರು ದಕ್ಷಿಣ ಅಮೆರಿಕದ ಕೊಲಂಬಿಯಾ ಮತ್ತು ಎಕ್ವಡಾರ್ ದೇಶಗಳ ಮಳೆಕಾಡು. ಫ್ರೆಂಚ್ ಸಸ್ಯಶೋಧಕನಾದ ಎಡ್ವರ್ ಆಂದ್ರೆ ಎಂಬಾತನು 1876ರಲ್ಲಿ ಇದನ್ನು ಕೊಲಂಬಿಯಾದಲ್ಲಿ ಕಂಡು ಯೂರೋಪಿಗೆ ಪರಿಚಯಮಾಡಿಸಿದನು. ವಂಶದಲ್ಲಿ ಇದು ನಮ್ಮ ಕೆಸುವಿಗೂ ಸುವರ್ಣಗಡ್ಡೆಗೂ ಬಂಧು. ಕೆಸುವಿನಲ್ಲಿ ತುರಿಕೆಯನ್ನುಂಟುಮಾಡುವ ಆಕ್ಸಲೇಟ್ ಹರಳುಗಳು ಇದರಲ್ಲಿಯೂ ಇರುವುದರಿಂದ ಎಳೆಯ ಮಕ್ಕಳ ಕೈಗೆಟುಕದಂತೆ ಇಡುವುದು ಲೇಸು.

ನಾವು ಹೂವೆಂದು ಮೆಚ್ಚುವ ಹೊಳಪಾದ ಕೆಂಪು ಭಾಗವು ನಿಜವಾಗಿ ಹೂವಲ್ಲ, ಮಾರ್ಪಟ್ಟ ಎಲೆ. ಅದರ ನಡುವಿನಿಂದ ಬಾಲದಂತೆ ಹೊರಟ ಕಡ್ಡಿಯ ಮೇಲೆ ಒತ್ತಾಗಿ ಕುಳಿತಿರುವ ಕಿರುಚುಕ್ಕೆಗಳೇ ಹೂಗಳು. ಗ್ರೀಕ್ ಭಾಷೆಯಿಂದ ಬಂದ ಈ ಹೆಸರಿಗೆ ‘ಹೂಬಾಲ’ವೆಂದೇ ಅರ್ಥ. ಆ ಕೆಂಪೆಲೆಯು ಗಿಡದಲ್ಲಿ ಹಲವು ವಾರಗಳವರೆಗೆ ಬಾಡದೆ ನಿಲ್ಲುತ್ತದೆ.

ಇಷ್ಟು ಗಟ್ಟಿಯಾದ ಗಿಡವು ಅನೇಕ ಮನೆಗಳಲ್ಲಿ ವರ್ಷ ತುಂಬುವುದರೊಳಗೆ ಸಾಯುವುದೇಕೆ? ಕಾಡಿನಲ್ಲಿ ಇದು ಮರಗಳಿಗೆ ಅಂಟಿಕೊಂಡೂ ಬೆಳೆಯತಕ್ಕದ್ದು. ಮಳೆನೀರು ಬೇರುಗಳನ್ನು ನೆನೆಸಿ ಹರಿದುಹೋಗುತ್ತದೆ. ಅವುಗಳ ಸುತ್ತ ಗಾಳಿಯಾಡುತ್ತಿರುತ್ತದೆ. ನಾವಾದರೋ ಕುಂಡದಲ್ಲಿ ಜಿಗುಟುಮಣ್ಣನ್ನು ಅದುಮಿ ತುಂಬಿ, ದಿನವೂ ನೀರೆರೆಯುತ್ತೇವೆ. ಉಸಿರುಕಟ್ಟಿದ ಬೇರು ಕೊಳೆತು, ನೀರನ್ನು ಹೀರಲಾರದೆ, ಎಲೆ ಜೋಲುತ್ತದೆ. ಅದನ್ನು ಬಾಯಾರಿಕೆಯೆಂದು ತಿಳಿದು ಮತ್ತಷ್ಟು ನೀರೆರೆಯುತ್ತೇವೆ. ಹೀಗೆ ನಮ್ಮ ಅಕ್ಕರೆಯೇ ಗಿಡಕ್ಕೆ ಮೃತ್ಯುವಾಗುತ್ತದೆ. ಆದಕಾರಣ ಎಲೆಯನ್ನು ನೋಡಿ ನೀರೆರೆಯಬಾರದು. ಕುಂಡದಲ್ಲಿ ಬೆರಳಿಟ್ಟು, ಮೇಲ್ಭಾಗ ಒಣಗುತ್ತ ಬಂದಿದ್ದರೆ ಮಾತ್ರ ಎರೆಯಬೇಕು.

ಕುಂಡಕ್ಕೆ ಇದ್ದಿಲ ಚೂರು, ಇಟ್ಟಿಗೆಯ ಚೂರು, ತೆಂಗಿನ ಸಿಪ್ಪೆಯ ತುಂಡು, ಸ್ವಲ್ಪ ಎಲೆಗೊಬ್ಬರ ಇವು ಸಾಕು. ಸಿಪ್ಪೆಯನ್ನು ಮೊದಲೇ ನೀರಿನಲ್ಲಿ ನೆನೆಸಿ, ನೀರನ್ನು ಎರಡು ಮೂರು ಬಾರಿ ಬದಲಾಯಿಸಿದರೆ ಅದರಲ್ಲಿರುವ ಉಪ್ಪು ತೊಳೆದುಹೋಗುತ್ತದೆ. ಕುಂಡದ ತಳದ ರಂಧ್ರ ಮುಚ್ಚಿರಬಾರದು.

ನೆರಳೆಂದರೆ ಕತ್ತಲೆಯೆಂದು ಭಾವಿಸಬಾರದು. ನೇರವಾದ ಬಿಸಿಲಿಗೆ ಎಲೆ ಸುಡುತ್ತದೆ. ಕತ್ತಲೆಯಲ್ಲಿ ಹೂವೇ ಬಾರದು. ಮರದಡಿಯಲ್ಲಿ ಸೋಸಿ ಬರುವಂಥ ಬೆಳಕೇ ಇದಕ್ಕೆ ಹಿತ. ಬೇಸಗೆಯ ಒಣಹವೆಯಲ್ಲಿ ಕುಂಡದ ಸುತ್ತಲಿನ ನೆಲವನ್ನು ತೇವಗೊಳಿಸುವುದು ಒಳ್ಳೆಯದು.

ವರ್ಷಗಳು ಕಳೆದಂತೆ ಕೆಳಗಿನ ಎಲೆಗಳು ಉದುರಿ, ಕಾಂಡವು ಬೋಳಾಗಿ ಮೇಲೇಳುತ್ತದೆ. ಆಗ ಗಿಡ ಮುದಿಯಾಯಿತೆಂದು ಎಸೆಯಬೇಕಾಗಿಲ್ಲ. ಗಾಳಿಬೇರುಗಳೊಡನೆ ತುದಿಯನ್ನು ಕತ್ತರಿಸಿ ಬೇರೆ ಕುಂಡದಲ್ಲಿ ನೆಟ್ಟರೆ ಅದು ಹೊಸ ಗಿಡವಾಗುತ್ತದೆ. ಹಳೆಯ ಬುಡದಿಂದಲೂ ಮರಿಗಳು ಒಡೆಯುತ್ತವೆ. ಆದರೆ ಪ್ರತಿಯೊಂದು ಗಿಡಕ್ಕೂ ಮುಂಚೆ ಕತ್ತಿಯನ್ನು ಬೆಂಕಿಯಲ್ಲಿ ಕಾಯಿಸಿ ಶುದ್ಧಿಮಾಡಬೇಕು. ಹವಾಯಿ ದ್ವೀಪಗಳಲ್ಲಿ 1980ರ ದಶಕದಲ್ಲಿ ಅನೇಕ ಆಂಥೂರಿಯಂ ತೋಟಗಳನ್ನು ಹಾಳುಗೆಡವಿದ ಬ್ಯಾಕ್ಟೀರಿಯಾ ರೋಗವು ಕತ್ತಿಯ ಮೂಲಕವೂ ಎಲೆಯಿಂದ ಎಲೆಗೆ ಸಿಡಿಯುವ ನೀರಿನ ಮೂಲಕವೂ ಹರಡತಕ್ಕದ್ದು. ಎಲೆಯ ಅಂಚಿನಲ್ಲಿ ನೀರು ನೆನೆದಂಥ ಕಲೆಗಳು ಕಂಡು, ಅವು ಹಳದಿಯಾಗಿ, ಬಳಿಕ ಕಂದಾಗುತ್ತ ಹೋದರೆ ಆ ಗಿಡವನ್ನು ಕೂಡಲೇ ಬೇರ್ಪಡಿಸಿ ಸುಟ್ಟುಬಿಡುವುದೇ ಉಳಿದವುಗಳಿಗೆ ಕ್ಷೇಮ.

ಬಿಸಿಲಿಲ್ಲದ ಅಂಗಳವೂ ಬರಡಲ್ಲವೆಂಬುದನ್ನು ಈ ಗಿಡವು ತೋರಿಸಿಕೊಡುತ್ತದೆ. ಅದು ನಮ್ಮಿಂದ ಬೇಡುವುದು ಹೆಚ್ಚು ನೀರನ್ನಲ್ಲ, ಹೆಚ್ಚು ಗಮನವನ್ನು.