ಅರಿವಿನ ವಿಜ್ಞಾನದ ನಕ್ಷೆ: ಆರು ಮೂಲೆ, ಹದಿನೈದು ಗೆರೆ

ಹಲವು ಶಿಸ್ತುಗಳು ಕೂಡಿ ರೂಪುಗೊಂಡ ಜ್ಞಾನಕ್ಷೇತ್ರದ ಮುಖ್ಯ ವಿಷಯಗಳನ್ನು ಗುರುತಿಸುವುದು ಹೇಗೆ? ಪಾಲ್ಗೊಂಡ ಶಿಸ್ತುಗಳನ್ನು ಪಟ್ಟಿಮಾಡಿದರೆ ಸಾಲದು; ಅವು ಯಾವ ಪ್ರಶ್ನೆಯಲ್ಲಿ ಸಂಧಿಸುತ್ತವೆ ಎಂಬುದನ್ನು ಕಾಣಬೇಕು. ಅರಿವಿನ ವಿಜ್ಞಾನವನ್ನು ನಿದರ್ಶನವಾಗಿರಿಸಿಕೊಂಡು ಈ ಮಾತನ್ನು ಇಲ್ಲಿ ಪರಿಶೀಲಿಸುತ್ತೇವೆ.

1956ರ ಸೆಪ್ಟೆಂಬರಿನಲ್ಲಿ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಗೋಷ್ಠಿಯೊಂದರಲ್ಲಿ ನ್ಯೂವೆಲ್ ಮತ್ತು ಸೈಮನ್ ತರ್ಕದ ಪ್ರಮೇಯಗಳನ್ನು ಸಾಧಿಸುವ ಗಣಕಕ್ರಮವನ್ನೂ, ಚಾಮ್‌ಸ್ಕಿ ಭಾಷಾವರ್ಣನೆಯ ಮಾದರಿಗಳನ್ನೂ, ಜಾರ್ಜ್ ಮಿಲ್ಲರ್ ಅಲ್ಪಕಾಲಿಕ ಸ್ಮರಣೆಯ ಮಿತಿಯನ್ನೂ ಮಂಡಿಸಿದರು. 1978ರಲ್ಲಿ ಸ್ಲೋನ್ ಪ್ರತಿಷ್ಠಾನಕ್ಕಾಗಿ ಸಿದ್ಧವಾದ ವರದಿಯು ಈ ಕ್ಷೇತ್ರವನ್ನು ಷಟ್ಕೋನವಾಗಿ ಚಿತ್ರಿಸಿತು. ಮನೋವಿಜ್ಞಾನ, ಭಾಷಾವಿಜ್ಞಾನ, ತತ್ತ್ವಶಾಸ್ತ್ರ, ಗಣಕವಿಜ್ಞಾನ, ನರವಿಜ್ಞಾನ, ಮಾನವಶಾಸ್ತ್ರ ಇವು ಅದರ ಆರು ಮೂಲೆಗಳು. ಇವುಗಳ ನಡುವೆ 15 ಗೆರೆಗಳನ್ನು ಎಳೆಯಬಹುದು. ಆಗ 11 ಗೆರೆಗಳಲ್ಲಿ ಸಂಶೋಧನೆ ನಡೆದಿರುವುದಾಗಿ ಗುರುತಿಸಲಾಯಿತು. ಭಾಷಾವಿಜ್ಞಾನ ಮತ್ತು ಮನೋವಿಜ್ಞಾನಗಳನ್ನು ಕೂಡಿಸುವ ಮನೋಭಾಷಾವಿಜ್ಞಾನ ಅಂತಹ ಒಂದು ಗೆರೆ.

ಈ ನಕ್ಷೆ ಪರಿಣತರ ವಿವೇಚನೆಯಿಂದ ಮೂಡಿದ್ದು. ಎಣಿಕೆಯಿಂದಲೂ ನಕ್ಷೆ ರಚಿಸಬಹುದು. ಎರಡು ಲೇಖನಗಳನ್ನು ನಂತರದ ಲೇಖಕರು ಒಟ್ಟಿಗೆ ಉಲ್ಲೇಖಿಸಿದಷ್ಟೂ ಅವು ಪರಸ್ಪರ ಸಮೀಪವೆಂದು ಬಗೆಯುವ ಸಹೋಲ್ಲೇಖ ವಿಧಾನವನ್ನು ಹೆನ್ರಿ ಸ್ಮಾಲ್ 1973ರಲ್ಲಿ ನಿರೂಪಿಸಿದರು. ಜೊತೆಜೊತೆಯಾಗಿ ಬರುವ ಪದಗಳನ್ನು ಎಣಿಸುವ ಸಹಪದ ವಿಧಾನ 1980ರ ದಶಕದಲ್ಲಿ ಬೆಳೆಯಿತು. ಇಂತಹ ಅಳತೆಗಳ ನೆರವಿನಿಂದ ರಫಾಯೆಲ್ ನೂನ್ಯೆಸ್ ಮತ್ತು ಸಂಗಡಿಗರು 2019ರಲ್ಲಿ ಷಟ್ಕೋನವನ್ನು ಮರುಪರಿಶೀಲಿಸಿದರು. ಮನೋವಿಜ್ಞಾನವು ಉಳಿದ ಶಿಸ್ತುಗಳನ್ನು ಮೀರಿ ಹಬ್ಬಿದೆ, ನಿರೀಕ್ಷಿಸಿದ ಸಮನ್ವಯ ಸಿದ್ಧಿಸಿಲ್ಲ ಎಂಬುದು ಅವರ ನಿರ್ಣಯ. ಮೂಲೆಗಳ ಹೆಸರು ಉಳಿದರೂ ಗೆರೆಗಳು ಸಮವಾಗಿ ಬೆಳೆಯಲಿಲ್ಲವೆಂದು ಇದರಿಂದ ತಿಳಿಯುತ್ತದೆ.

ಆದರೆ ಎಣಿಕೆಗೂ ಒಂದು ಮಿತಿಯುಂಟು. ನಮ್ಮ ಭಾಷೆಗೆ ಸಂಬಂಧಿಸಿದ ಎರಡು ಅಧ್ಯಯನಗಳಿಂದ ಅದನ್ನು ಸ್ಪಷ್ಟಪಡಿಸಬಹುದು. ಮಕ್ಕಳು ಕನ್ನಡದ ಅಕ್ಷರಗಳನ್ನು ಕಲಿಯುವ ಗತಿಯನ್ನು ಕುರಿತು ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಲೇಖನದ ಶೀರ್ಷಿಕೆಯಲ್ಲಿಯೇ ಕನ್ನಡದ ಹೆಸರಿದೆ. 2003ರಲ್ಲಿ ಜೆಫ್ರಿ ಲಿಡ್ಜ್ ಮತ್ತು ಗ್ಲೈಟ್‌ಮನ್ ದಂಪತಿಗಳು ಪ್ರಕಟಿಸಿದ ಲೇಖನದ ಶೀರ್ಷಿಕೆಯಲ್ಲಿ ಅದಿಲ್ಲ. 'ಏರು' ಎಂಬುದನ್ನು 'ಏರಿಸು' ಆಗಿಸುವ ಪ್ರೇರಣಾರ್ಥಕ ಪ್ರತ್ಯಯ ಕನ್ನಡದಲ್ಲಿ ಸ್ಪಷ್ಟ ಕುರುಹಾಗಿದ್ದರೂ, ಮೂರು ವರ್ಷದ ಮಕ್ಕಳು ಅದಕ್ಕಿಂತ ವಾಕ್ಯದಲ್ಲಿನ ನಾಮಪದಗಳ ಸಂಖ್ಯೆಯನ್ನೇ ಆಧರಿಸಿ ಅರ್ಥ ಗ್ರಹಿಸುತ್ತಾರೆಂದು ಆ ಲೇಖನ ತೋರಿಸಿತು. ಭಾಷಾರ್ಜನೆಯಲ್ಲಿ ಸಹಜ ಸಾಮರ್ಥ್ಯದ ಪಾಲೆಷ್ಟು ಎಂಬ ಮೂಲಭೂತ ಚರ್ಚೆಯಲ್ಲಿ ಕನ್ನಡವೇ ಇಲ್ಲಿ ಪ್ರಮಾಣ. ಶೀರ್ಷಿಕೆಯ ಪದಗಳನ್ನಷ್ಟೇ ಎಣಿಸುವವರಿಗೆ ಮಾತ್ರ ಅದು ಕಾಣಸಿಗದು.

ಹೊರನಾಡಿನಲ್ಲಿದ್ದುಕೊಂಡು ಕನ್ನಡ ಅಧ್ಯಯನಗಳ ಸೂಚಿಯನ್ನು ಸಿದ್ಧಪಡಿಸುವ ಸಂಶೋಧಕರು ಈ ಅಂಶವನ್ನು ಗಮನಿಸುವುದು ಒಳಿತು. ಭಾಷೆ ಮತ್ತು ಶಿಸ್ತುಗಳ ಹೆಸರಿನೊಡನೆ, ಪ್ರತಿಯೊಂದು ಲೇಖನವೂ ಕೈಗೆತ್ತಿಕೊಂಡ ಪ್ರಶ್ನೆ ಹಾಗೂ ಅದು ಕೂಡಿಸುವ ಎರಡು ಶಿಸ್ತುಗಳನ್ನು ದಾಖಲಿಸಬೇಕು. ಹಾಗಾದಾಗ ಮಾತ್ರ ಈ ಕ್ಷೇತ್ರಕ್ಕೆ ಕನ್ನಡ ಏನನ್ನು ನೀಡಿದೆ ಎಂಬುದು ನಕ್ಷೆಯಲ್ಲಿ ಮೂಡುತ್ತದೆ.