ವಾಲ್ಪಾರೈ: ಆನೆಗೂ ದಾರಿ ಬಿಟ್ಟ ಚಹಾ ಸೀಮೆ

ಪೊಳ್ಳಾಚಿಯಿಂದ ಹೊರಟ ಬಸ್ಸು ಆಳಿಯಾರ್ ಅಣೆಕಟ್ಟು ದಾಟಿ, 40 ಹೇರ್‌ಪಿನ್ ತಿರುವುಗಳನ್ನು ಏರಿದರೆ ಸಿಗುವ ಊರು ವಾಲ್ಪಾರೈ. ತಮಿಳುನಾಡಿನ ಕೊಯಮತ್ತೂರು ಜಿಲ್ಲೆಗೆ ಸೇರಿದ ಈ ಪ್ರಸ್ಥಭೂಮಿಯ ವಿಸ್ತಾರ ಸುಮಾರು 220 ಚದರ ಕಿಲೋಮೀಟರ್. ಗುಡ್ಡದಿಂದ ಗುಡ್ಡಕ್ಕೆ ಚಹಾ ತೋಟ, ನಡುನಡುವೆ ಕಾಫಿ, ಅಲ್ಲಲ್ಲಿ ಉಳಿದ ಮಳೆಕಾಡಿನ ತುಂಡುಗಳು. ಸುತ್ತಲೂ ಆನೈಮಲೈ, ಪರಂಬಿಕುಳಂ ಹುಲಿ ಸಂರಕ್ಷಿತ ಪ್ರದೇಶಗಳು.

1890ರ ದಶಕದಿಂದ ಇಲ್ಲಿನ ದಟ್ಟ ಕಾಡು ಕಡಿದು ತೋಟ ಮಾಡಲಾಯಿತು. ಕಾಡು ಹೋದರೂ ಆನೆಗಳು ತಮ್ಮ ಹಳೆಯ ದಾರಿ ಬಿಡಲಿಲ್ಲ. ಅವು ಚಹಾ ಸೊಪ್ಪು ತಿನ್ನುವುದಿಲ್ಲ. ಹಗಲು ಹಳ್ಳದಂಚಿನ ಮರಗಳ ಮರೆಯಲ್ಲಿದ್ದು, ಕತ್ತಲಾದ ಮೇಲೆ ತೋಟ ಹಾಯುತ್ತವೆ. ಅಕ್ಕಿ, ಉಪ್ಪಿನ ವಾಸನೆ ಹಿಡಿದು ಪಡಿತರ ಅಂಗಡಿಗೂ ಶಾಲೆಯ ಬಿಸಿಯೂಟದ ಕೋಣೆಗೂ ನುಗ್ಗುವುದುಂಟು. 1994ರಿಂದ ಸುಮಾರು ಎರಡು ದಶಕಗಳಲ್ಲಿ 40ರಷ್ಟು ಜನ ಆನೆ ದಾಳಿಗೆ ಬಲಿಯಾದರು. ಆನೆ ಹತ್ತಿರದಲ್ಲೇ ಇದೆಯೆಂಬುದು ತಿಳಿಯದೆ ಸತ್ತವರೇ ಅವರಲ್ಲಿ ಹೆಚ್ಚು. ಸಂಜೆ ಬಸ್ಸಿಳಿದು ಲೈನ್‌ಮನೆಗೆ ನಡೆದು ಹೋಗುವ ಕೂಲಿಕಾರರಿಗೆ ಪ್ರತಿ ತಿರುವೂ ಭಯದ್ದೇ.

ಈ ಭಯಕ್ಕೆ ಪರಿಹಾರ ಹುಡುಕಿದ್ದು ಮೈಸೂರಿನಲ್ಲಿ ಕೇಂದ್ರ ಕಚೇರಿಯಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್. ಸಂಸ್ಥೆಯ ಎಂ. ಆನಂದ ಕುಮಾರ್ ಮತ್ತು ಸಂಗಡಿಗರು ವರ್ಷಗಟ್ಟಲೆ ಆನೆಗಳ ಹಿಂದೆ ನಡೆದು, ಅವು ಯಾವ ಹೊತ್ತಿಗೆ ಎಲ್ಲಿರುತ್ತವೆ ಎಂದು ದಾಖಲಿಸಿದರು. ಮೊದಲು ಸ್ಥಳೀಯ ಕೇಬಲ್ ಟೀವಿಯ ಪರದೆಯಡಿ ಸುದ್ದಿ ಓಡಿತು. 2011ರಿಂದ ಮೊಬೈಲಿಗೆ ತಮಿಳು ಮತ್ತು ಇಂಗ್ಲಿಷ್ ಸಂದೇಶ ಬರತೊಡಗಿತು. ಎತ್ತರದ ಜಾಗಗಳಲ್ಲಿ ಸಿಮ್ ಕಾರ್ಡ್ ಹಾಕಿದ ಕೆಂಪು ಎಲ್‌ಇಡಿ ದೀಪಗಳು ನಿಂತವು. ಆನೆ ಕಂಡವರು ಮೊಬೈಲಿನಿಂದಲೇ ಅವನ್ನು ಹೊತ್ತಿಸಬಹುದು. ದೂರದಿಂದ ನೋಡಿದವರು ದಾರಿ ಬದಲಿಸುತ್ತಾರೆ. ಈ ಕೆಲಸಕ್ಕಾಗಿ ಆನಂದ ಕುಮಾರ್ ಅವರಿಗೆ 2015ರಲ್ಲಿ ವಿಟ್ಲಿ ಪ್ರಶಸ್ತಿ ಬಂತು.

ವಾಲ್ಪಾರೈಯ ಹೆಚ್ಚುಗಾರಿಕೆ ಇರುವುದು ಇಲ್ಲೇ. ಇಲ್ಲಿ ತಂತ್ರಜ್ಞಾನವನ್ನು ಬಳಸುವವರು ತೋಟದ ಮಾಲೀಕರಷ್ಟೇ ಅಲ್ಲ, ಕೂಲಿಕಾರರೂ ಹೌದು. ದೀಪ ಹೊತ್ತಿಸುವವರೂ ಅವರೇ, ಅದರಿಂದ ಜೀವ ಉಳಿಸಿಕೊಳ್ಳುವವರೂ ಅವರೇ.

ಕಾಡನ್ನು ಮರಳಿ ತರುವ ಕೆಲಸವೂ ನಡೆದಿದೆ. ಇದೇ ಸಂಸ್ಥೆ ತೋಟದ ಕಂಪನಿಗಳ ಒಪ್ಪಿಗೆ ಪಡೆದು, ಲಂಟಾನಾ ಹಬ್ಬಿದ ಕಾಡಿನ ತುಂಡುಗಳನ್ನು ಹಸನು ಮಾಡಿ, ನೂರಕ್ಕೂ ಹೆಚ್ಚು ಜಾತಿಯ ನಾಡ ಮರಗಳ ಸಸಿ ನೆಡುತ್ತ ಬಂದಿದೆ. ಈ ತುಂಡುಗಳೇ ಸಿಂಗಳೀಕಗಳಿಗೂ ಮಂಗಟ್ಟೆ ಹಕ್ಕಿಗಳಿಗೂ ಆಸರೆ. ಸಿಂಗಳೀಕಗಳು ವಾಹನಕ್ಕೆ ಸಿಗದಂತೆ ರಸ್ತೆಯ ಮೇಲೆ ಮರದಿಂದ ಮರಕ್ಕೆ ತೂಗು ಸೇತುವೆ ಕಟ್ಟಿದ್ದಾರೆ.

ಚಹಾ ಗಿಡದ ಸಂಶೋಧನೆಗೂ ಇದು ನೆಲೆ. ದಕ್ಷಿಣ ಭಾರತದ ತೋಟಗಾರರ ಒಕ್ಕೂಟವಾದ ಉಪಾಸಿಯ ಚಹಾ ಸಂಶೋಧನಾ ಪ್ರತಿಷ್ಠಾನ ಇರುವುದು ಇಲ್ಲಿನ ನೀರಾರ್ ಅಣೆಕಟ್ಟೆಯ ಬಳಿ. ಉಪಾಸಿ-9ರಂಥ, ಬರ ತಾಳುವ ತಳಿಗಳನ್ನು ಕೊಟ್ಟ ಸಂಸ್ಥೆಯಿದು. ಆಳುಗಳ ಕೊರತೆಯಿಂದಾಗಿ, ಎರಡೆಲೆ ಒಂದು ಕುಡಿಯನ್ನು ಬೆರಳಿನಲ್ಲಿ ಚಿವುಟುತ್ತಿದ್ದ ಕಡೆ ಈಗ ಕತ್ತರಿ, ಯಂತ್ರಗಳು ಓಡಾಡುತ್ತಿವೆ. ಕೆಲಸ ಬೇಗ ಮುಗಿಯುತ್ತದೆ, ಆದರೆ ಬಲಿತ ಎಲೆಯೂ ಜೊತೆಗೇ ಬಂದು ಚಹಾದ ಗುಣಮಟ್ಟ ಇಳಿಯುತ್ತದೆ.

ಆನೆಯ ಮುನ್ನೆಚ್ಚರಿಕೆ ವ್ಯವಸ್ಥೆ ಈಗ ಕರ್ನಾಟಕಕ್ಕೂ ಬಂದಿದೆ. ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ಭಾಗದ ಕಾಫಿ ತೋಟಗಳಲ್ಲಿ ಅರಣ್ಯ ಇಲಾಖೆಯ ಜೊತೆಗೂಡಿ ಇದೇ ಸಂಸ್ಥೆ ಸಂದೇಶ ಕಳುಹಿಸುವ ಕೆಲಸ ಮಾಡಿದೆ. ಎರಡೂ ಕಡೆ ಈಗ ಹೊಸ ಸವಾಲೊಂದಿದೆ. ಅಸ್ಸಾಂನಂಥ ದೂರದ ರಾಜ್ಯಗಳಿಂದ ಬಂದ ಕೆಲಸಗಾರರು ತೋಟಗಳಲ್ಲಿ ಹೆಚ್ಚುತ್ತಿದ್ದಾರೆ. ಕೆಂಪು ದೀಪ ಅವರಿಗೂ ಅರ್ಥವಾಗುತ್ತದೆ, ತಮಿಳು–ಕನ್ನಡದ ಸಂದೇಶ ಅರ್ಥವಾಗುವುದಿಲ್ಲ. ಅವರ ಭಾಷೆಯಲ್ಲೂ ಎಚ್ಚರಿಕೆ ತಲುಪಿಸುವುದು ತೋಟದ ಆಡಳಿತಗಳೂ ಅರಣ್ಯ ಇಲಾಖೆಗಳೂ ತಡಮಾಡದೆ ಮಾಡಬೇಕಾದ ಕೆಲಸ.